ಪಾಪ್-ಅಪ್ ಕಾಟ ಬಿಡಿಸಿ, ಹಳೇ ಕಂಪ್ಯೂಟರ್‌ಗೆ ವೇಗ ಕೊಡುವುದು ಹೇಗೆ: ಮೊದಲಿನಿಂದ ಕೊನೆವರೆಗೆ

ಈ ಕೆಲಸದಲ್ಲಿ ಸೋಲುವವರು ಬಹುತೇಕ ಒಂದೇ ದಾರಿ ಹಿಡಿದಿರುತ್ತಾರೆ. ಪಾಪ್-ಅಪ್ ಬರುತ್ತದೆ, ಕಂಪ್ಯೂಟರ್ ತೆವಳುತ್ತದೆ, ತಕ್ಷಣ 'ಪಿಸಿ ಕ್ಲೀನರ್' ಅಂತ ಹುಡುಕಿ ಮೊದಲು ಸಿಕ್ಕಿದ್ದನ್ನು ಇನ್‌ಸ್ಟಾಲ್ ಮಾಡುತ್ತಾರೆ. ಆ ಕ್ಲೀನರ್ ತನ್ನದೇ ಪಾಪ್-ಅಪ್ ತೋರಿಸಲು ಶುರು ಮಾಡುತ್ತದೆ. ಅದನ್ನು ತೆಗೆಯಲು ಇನ್ನೊಂದು ಬರುತ್ತದೆ. ಕೊನೆಗೆ ಬೇಸತ್ತು ಬ್ರೌಸರನ್ನೇ ತೆಗೆದು ಮತ್ತೆ ಹಾಕುತ್ತಾರೆ. ಲಾಗಿನ್ ಆದ ಸ್ವಲ್ಪ ಹೊತ್ತಿಗೆ ಹಳೇ ಕಾಟ ಮತ್ತೆ ಹಾಜರ್.

ಇಲ್ಲಿ ಕ್ರಮವೇ ಮುಖ್ಯ. ಮೊದಲು ಪಾಪ್-ಅಪ್ ತೆಗೆಯಬೇಕು, ಆಮೇಲೆ ವೇಗ ನೋಡಬೇಕು. ಜಾಹೀರಾತು ತುರುಕುವ ಪ್ರೋಗ್ರಾಂ ಹಿಂದೆ ಓಡುತ್ತಿರುವಾಗ ವೇಗ ಅಳೆದರೆ ಆ ಲೆಕ್ಕ ನಂಬುವಂಥದ್ದಲ್ಲ. ಇನ್ನೊಂದು ವಿಷಯ: ಈ ಕೆಲಸದಲ್ಲಿ ಹೊಸದಾಗಿ ಹಾಕುವುದು ಬಹಳ ಕಡಿಮೆ, ತೆಗೆಯುವುದೇ ಜಾಸ್ತಿ. ಕೆಳಗಿನ ಹಂತಗಳು ವಿಂಡೋಸ್ 10 ಮತ್ತು 11ಕ್ಕೆ, ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಬ್ರೌಸರ್‌ಗಳಿಗೆ ಹೊಂದುತ್ತವೆ. ಮೆನುಗಳ ಜಾಗ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಿರುತ್ತದೆ. ಹಾಗಾಗಿ ಹುಡುಕಿ ಸುಸ್ತಾಗುವ ಬದಲು ಸೆಟ್ಟಿಂಗ್ಸ್ ಪುಟದ ಮೇಲಿರುವ ಹುಡುಕು ಪೆಟ್ಟಿಗೆಯಲ್ಲಿ ಹೆಸರು ಟೈಪ್ ಮಾಡಿ.

## ಶುರು ಮಾಡುವ ಮುಂಚೆ

ಒಂದು ಪೆನ್‌ಡ್ರೈವ್ ಅಥವಾ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಬೇಕು. ಫೋಟೋ, ದಾಖಲೆ, ಡೆಸ್ಕ್‌ಟಾಪ್ ಮೇಲಿನ ಫೈಲ್‌ಗಳು, ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಬಿದ್ದಿರುವ ಮುಖ್ಯ ಕಾಗದಪತ್ರ, ಎಲ್ಲವನ್ನೂ ಅದಕ್ಕೆ ಕಾಪಿ ಮಾಡಿ. ಕಾಪಿ ಆದಮೇಲೆ ಒಂದೆರಡು ಫೈಲ್ ತೆರೆದು ನೋಡಿ, ಡ್ರೈವ್ ಬಿಚ್ಚಿ ಪಕ್ಕಕ್ಕಿಡಿ. ಹಳೇ ಇನ್‌ಸ್ಟಾಲರ್ ಫೈಲ್‌ಗಳನ್ನು ಮಾತ್ರ ಕಾಪಿ ಮಾಡಬೇಡಿ. ಕಾಟದ ಮೂಲ ಅವುಗಳಲ್ಲೇ ಇರಬಹುದು.

ಮುಖ್ಯ ಖಾತೆಗಳ ಪಾಸ್‌ವರ್ಡ್ ಗೊತ್ತಿರಲಿ. ಮುಂದೆ ಬ್ರೌಸರ್ ರೀಸೆಟ್ ಮಾಡಿದಾಗ ಹೆಚ್ಚಿನ ಸೈಟ್‌ಗಳಿಂದ ಲಾಗ್‌ಔಟ್ ಆಗುತ್ತೀರಿ. ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರ್ ಹಾಕಿಡಿ. ಆಫೀಸ್ ಕೊಟ್ಟ ಲ್ಯಾಪ್‌ಟಾಪ್ ಆಗಿದ್ದರೆ ಇಲ್ಲೇ ನಿಲ್ಲಿಸಿ, ಅಲ್ಲಿನ ಐಟಿಯವರಿಗೆ ಕೊಡಿ.

## ಹಂತ 1: ಸ್ಕ್ರೀನ್ ಹಿಡಿದು ಕೂತ ನಕಲಿ ಎಚ್ಚರಿಕೆಯನ್ನು ಮುಚ್ಚಿ

ಇಡೀ ಸ್ಕ್ರೀನ್ ಕೆಂಪಾಗಿ, 'ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಆಫ್ ಮಾಡಬೇಡಿ, ಈ ನಂಬರ್‌ಗೆ ಫೋನ್ ಮಾಡಿ' ಅಂತ ಕೂಗುವ ಪುಟವನ್ನು ನೋಡಿರುತ್ತೀರಿ, ಅಲ್ವಾ? ಜೊತೆಗೆ ಸೈರನ್ ಸದ್ದು ಬೇರೆ. ಅದು ವೈರಸ್ ಅಲ್ಲ, ಬರೀ ಒಂದು ವೆಬ್ ಪುಟ. ಫುಲ್‌ಸ್ಕ್ರೀನ್ ಆಗಿ ಟಾಸ್ಕ್‌ಬಾರನ್ನೂ ಮುಚ್ಚಿಬಿಟ್ಟಿರುತ್ತದೆ, ಅಷ್ಟೇ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ನಂಬರ್ ಕಂಡರೆ ಮೋಸ ಅಂತಲೇ ತಿಳಿಯಿರಿ.

ಆ ಪುಟದ ಒಳಗಿರುವ ಯಾವ ಬಟನ್ನನ್ನೂ ಒತ್ತಬೇಡಿ. ಅಲ್ಲಿ ಕಾಣುವ ಇಂಟು ಗುರುತು ಕೂಡ ಚಿತ್ರವೇ ಆಗಿರಬಹುದು. ಎಸ್ಕೇಪ್ ಕೀಯನ್ನು ಎರಡು-ಮೂರು ಸೆಕೆಂಡು ಒತ್ತಿ ಹಿಡಿಯಿರಿ. ಫುಲ್‌ಸ್ಕ್ರೀನ್ ಹೋದರೆ ಟ್ಯಾಬ್ ಮುಚ್ಚಿ. ಹೋಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆರೆದು, ಬ್ರೌಸರ್ ಹೆಸರನ್ನು ಆರಿಸಿ 'ಎಂಡ್ ಟಾಸ್ಕ್' ಕೊಡಿ.

ಇದಾದ ಮೇಲೆ ಬಹಳ ಜನ ಎಡವುವ ಜಾಗ ಒಂದಿದೆ. ಬ್ರೌಸರ್ ಮತ್ತೆ ತೆರೆದಾಗ 'ಹಳೇ ಪುಟಗಳನ್ನು ರಿಸ್ಟೋರ್ ಮಾಡಲೇ?' ಅಂತ ಕೇಳುತ್ತದೆ. ಅಭ್ಯಾಸಬಲದಿಂದ ಹೌದು ಅಂದರೆ ಅದೇ ಪುಟ ಮತ್ತೆ ಬಂದು ಕೂರುತ್ತದೆ. ಬೇಡ ಅನ್ನಿ.

ಆ ನಂಬರ್‌ಗೆ ಆಗಲೇ ಫೋನ್ ಮಾಡಿ, ಅವರು ಹೇಳಿದ ರಿಮೋಟ್ ಆ್ಯಪ್ ಹಾಕಿಕೊಟ್ಟಿದ್ದರೆ ವಿಷಯ ಬೇರೆ. ಮೊದಲು ಇಂಟರ್ನೆಟ್ ಕಡಿದುಹಾಕಿ. ಬೇರೊಂದು ಫೋನ್ ಅಥವಾ ಕಂಪ್ಯೂಟರ್‌ನಿಂದ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ, ಬ್ಯಾಂಕಿಗೆ ತಿಳಿಸಿ. ಆ ಕಂಪ್ಯೂಟರಿಗೆ ಹಂತ 6ರ ಕೊನೆಯಲ್ಲಿ ಹೇಳಿರುವಂತೆ ವಿಂಡೋಸನ್ನೇ ಹೊಸದಾಗಿ ಹಾಕುವುದು ಒಳ್ಳೆಯದು. ಅವರು ಒಳಗೆ ಏನೇನು ಬಿಟ್ಟು ಹೋಗಿದ್ದಾರೆ ಅಂತ ನೋಡಿ ಹೇಳುವುದು ಕಷ್ಟ.

## ಹಂತ 2: ಪಾಪ್-ಅಪ್ ಎಲ್ಲಿಂದ ಬರುತ್ತಿದೆ ಅಂತ ಗುರುತಿಸಿ

ಹೊರಗಿನಿಂದ ಎಲ್ಲ ಪಾಪ್-ಅಪ್‌ಗಳೂ ಒಂದೇ ಥರ ಕಾಣುತ್ತವೆ. ಮೂಲ ಮಾತ್ರ ಬೇರೆ ಬೇರೆ. ಇದನ್ನು ಗುರುತಿಸದೆ ಮುಂದೆ ಹೋದರೆ ಇಡೀ ದಿನ ತಪ್ಪು ಜಾಗದಲ್ಲಿ ಹುಡುಕುತ್ತೀರಿ.

ಸ್ಕ್ರೀನಿನ ಕೆಳಗೆ ಬಲಮೂಲೆಯಲ್ಲಿ ಚಿಕ್ಕ ಪೆಟ್ಟಿಗೆ ಬರುತ್ತಿದೆಯೇ? ಬೇರೆ ಕೆಲಸ ಮಾಡುವಾಗಲೂ ಬರುತ್ತಿದೆಯೇ? ಆ ಪೆಟ್ಟಿಗೆಯನ್ನು ಮುಚ್ಚುವ ಮುಂಚೆ ಹತ್ತಿರದಿಂದ ನೋಡಿ. ದಪ್ಪಕ್ಷರದ 'ವೈರಸ್ ಸಿಕ್ಕಿದೆ' ಸಾಲಿನ ಹತ್ತಿರ ಸಣ್ಣ ಅಕ್ಷರದಲ್ಲಿ ಬ್ರೌಸರಿನ ಹೆಸರು ಮತ್ತು ಒಂದು ವೆಬ್‌ಸೈಟ್ ವಿಳಾಸ ಇರುತ್ತದೆ. ಇದ್ದರೆ ಅದು ನೋಟಿಫಿಕೇಶನ್, ಅಂದರೆ ಬ್ರೌಸರ್ ಮೂಲಕ ಆ ಸೈಟ್ ಕಳಿಸುವ ಸೂಚನೆ. ಹಂತ 3 ಸಾಕು. ಹೆಚ್ಚಿನವರ ಸಮಸ್ಯೆ ಇಷ್ಟರಲ್ಲೇ ಮುಗಿಯುತ್ತದೆ.

ಒಂದೇ ಒಂದು ಸೈಟಿನಲ್ಲಿ ಮಾತ್ರ ಬೇರೆ ಟ್ಯಾಬ್ ತೆರೆದುಕೊಳ್ಳುತ್ತಿದ್ದರೆ ತಪ್ಪು ಆ ಸೈಟಿನದು, ನಿಮ್ಮ ಕಂಪ್ಯೂಟರಿನದಲ್ಲ. ಪುಕ್ಕಟೆ ಸಿನಿಮಾ, ಕ್ರಿಕೆಟ್ ತೋರಿಸುವ ಪುಟಗಳಲ್ಲಿ ಇದು ಮಾಮೂಲಿ.

ಎಲ್ಲ ಸೈಟ್‌ಗಳಲ್ಲೂ ಜಾಹೀರಾತು ಬರುತ್ತಿದ್ದರೆ, ಹೋಂ ಪೇಜ್ ತಾನಾಗಿ ಬದಲಾಗಿದ್ದರೆ, ಹುಡುಕಿದ್ದು ಇನ್ಯಾವುದೋ ಸರ್ಚ್ ಎಂಜಿನ್‌ಗೆ ಹೋಗುತ್ತಿದ್ದರೆ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸಿಕೊಂಡ ಸಣ್ಣ ಪ್ರೋಗ್ರಾಂ) ಮೇಲೆ ಅನುಮಾನ ಪಡಿ. ಪರೀಕ್ಷೆ ಸುಲಭ. ಇನ್‌ಕಾಗ್ನಿಟೋ ವಿಂಡೋ (ಹಿಸ್ಟರಿ ಉಳಿಸದ ಖಾಸಗಿ ವಿಂಡೋ) ತೆರೆದು ಅದೇ ಸೈಟ್ ನೋಡಿ. ನೀವಾಗಿ ಅನುಮತಿ ಕೊಡದಿದ್ದರೆ ಅಲ್ಲಿ ಎಕ್ಸ್‌ಟೆನ್ಶನ್‌ಗಳು ಓಡುವುದಿಲ್ಲ. ಅಲ್ಲಿ ಜಾಹೀರಾತು ಮಾಯವಾದರೆ ಕಳ್ಳ ಸಿಕ್ಕ ಹಾಗೆಯೇ.

ಯಾರೂ ಮುಟ್ಟದೆ ಬ್ರೌಸರ್ ತಾನೇ ತೆರೆದುಕೊಳ್ಳುತ್ತಿದೆಯೇ? ಕಂಪ್ಯೂಟರ್ ಆನ್ ಆದ ತಕ್ಷಣ ಕಪ್ಪು ವಿಂಡೋವೊಂದು ಮಿಂಚಿ ಮಾಯವಾಗುತ್ತಿದೆಯೇ? ಹಾಗಾದರೆ ಅದು ಬ್ರೌಸರ್ ದಾಟಿ ವಿಂಡೋಸ್ ಒಳಗೆ ಕೂತಿರುವ ಸಾಧ್ಯತೆ ಜಾಸ್ತಿ. ಹಂತ 5ಕ್ಕೆ ತಪ್ಪದೆ ಹೋಗಿ. ಅದೇ ವೈಫೈ ಬಳಸುವ ಫೋನಿನಲ್ಲೂ ಅದೇ ಜಾಹೀರಾತು ಕಾಣುತ್ತಿದ್ದರೆ ಮಾತ್ರ ರೌಟರ್ ಮೇಲೆ ಕಣ್ಣಿಡಿ. ಅದನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಬೇಕಾಗುತ್ತದೆ. ಇಂಟರ್ನೆಟ್ ಸಂಪರ್ಕದ ಲಾಗಿನ್ ವಿವರಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ರೀಸೆಟ್ ಆದಮೇಲೆ ಅವನ್ನು ಮತ್ತೆ ತುಂಬಬೇಕು.

## ಹಂತ 3: ನೋಟಿಫಿಕೇಶನ್ ಅನುಮತಿ ಕಿತ್ತುಹಾಕಿ

'ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ', 'ವಿಡಿಯೋ ನೋಡಲು ಅಲೋ ಒತ್ತಿ'. ಯಾವತ್ತೋ ಒಂದು ದಿನ ಒತ್ತಿದ ಆ ಅಲೋ ಈಗ ಈ ರೂಪದಲ್ಲಿ ಬರುತ್ತಿದೆ. ಆ ಸೈಟ್ ನಿಮ್ಮ ಕಂಪ್ಯೂಟರಿನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಿಲ್ಲ. ಅದಕ್ಕೇ ಆ್ಯಂಟಿವೈರಸ್ ಎಷ್ಟು ಸಲ ಓಡಿಸಿದರೂ ಏನೂ ಸಿಗುವುದಿಲ್ಲ.

ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಅಂತ ಹೋಗಿ. ಕೆಳಗೆ ಅನುಮತಿ ಪಡೆದ ಸೈಟ್‌ಗಳ ಪಟ್ಟಿ ಇರುತ್ತದೆ. ಗುರುತಿಲ್ಲದ ಪ್ರತಿ ಹೆಸರಿನ ಪಕ್ಕದ ಚುಕ್ಕಿ ಒತ್ತಿ 'ಬ್ಲಾಕ್' ಕೊಡಿ. 'ರಿಮೂವ್' ಕೊಟ್ಟರೆ ಅನುಮತಿ ಹೋಗುತ್ತದೆ, ಆದರೆ ಆ ಸೈಟ್ ಮತ್ತೆ ಕೇಳಬಹುದು. ಬ್ಲಾಕ್ ಮಾಡಿದರೆ ಕೇಳುವುದೂ ನಿಲ್ಲುತ್ತದೆ. ಎಡ್ಜ್‌ನಲ್ಲಿ ಸೆಟ್ಟಿಂಗ್ಸ್ ಪುಟದಲ್ಲಿ ನೋಟಿಫಿಕೇಶನ್ಸ್ ಅಂತ ಹುಡುಕಿದರೆ ಇದೇ ಪಟ್ಟಿ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ ಒಳಗೆ ಪರ್ಮಿಶನ್ಸ್ ಭಾಗದಲ್ಲಿದೆ.

ಅದೇ ಪುಟದಲ್ಲಿ, ಯಾವ ಸೈಟೂ ನೋಟಿಫಿಕೇಶನ್ ಕೇಳಬಾರದು ಅನ್ನುವ ಆಯ್ಕೆಯೂ ಇದೆ. ನನ್ನ ಸಲಹೆ ಅದನ್ನೇ ಆನ್ ಮಾಡಿ ಅಂತ. ವೆಬ್ ಮೂಲಕ ಬರುವ ಇಮೇಲ್ ಅಥವಾ ಚಾಟ್ ಸೂಚನೆ ಬೇಕೇ ಬೇಕು ಅನ್ನುವವರು ಅದೊಂದು ಸೈಟನ್ನು ಉಳಿಸಿಕೊಳ್ಳಲಿ.

ಜೊತೆಗೆ ಕ್ರೋಮ್ ಸೆಟ್ಟಿಂಗ್ಸ್‌ನ ಸಿಸ್ಟಂ ಭಾಗದಲ್ಲಿ, ಕ್ರೋಮ್ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಆ್ಯಪ್ ಓಡಿಸುವ ಸ್ವಿಚ್ಚನ್ನು ಆಫ್ ಮಾಡಿ. ಎಡ್ಜ್‌ನಲ್ಲೂ ಅಂಥದ್ದೇ ಸ್ವಿಚ್ ಇದೆ, 'ಸ್ಟಾರ್ಟಪ್ ಬೂಸ್ಟ್' ಪಕ್ಕದಲ್ಲಿ. ರ‍್ಯಾಮ್ (ಓಡುತ್ತಿರುವ ಪ್ರೋಗ್ರಾಂಗಳು ಬಳಸುವ ಮೆಮೊರಿ) ಕಡಿಮೆ ಇರುವ ಕಂಪ್ಯೂಟರಿನಲ್ಲಿ ಎರಡೂ ಬೇಡ.

## ಹಂತ 4: ಮೊದಲು ಸಿಂಕ್ ನಿಲ್ಲಿಸಿ, ಆಮೇಲೆ ಎಕ್ಸ್‌ಟೆನ್ಶನ್ ತೆಗೆಯಿರಿ

ಬ್ರೌಸರ್ ತೆಗೆದು ಹಾಕಿದರೂ ಕಾಟ ವಾಪಸ್ ಬರುವುದಕ್ಕೆ ಸಿಂಕ್ ಒಂದು ದೊಡ್ಡ ಕಾರಣ. ನಿಮ್ಮ ಖಾತೆಗೆ ಸೇರಿದ ಎಕ್ಸ್‌ಟೆನ್ಶನ್‌ಗಳು, ಸೆಟ್ಟಿಂಗ್ಸ್ ಎಲ್ಲ ಆನ್‌ಲೈನಿನಲ್ಲಿ ಉಳಿದಿರುತ್ತವೆ. ಲಾಗಿನ್ ಆದ ಕೂಡಲೇ ಅವೆಲ್ಲ ಇಳಿದು ಬರುತ್ತವೆ. ಸಿಂಕ್ ಆನ್ ಇಟ್ಟುಕೊಂಡು ಸ್ವಚ್ಛ ಮಾಡುವುದು ಸೋರುವ ಕೊಡಕ್ಕೆ ನೀರು ಹೊಯ್ದ ಹಾಗೆ. ಪ್ರೊಫೈಲ್ ಚಿತ್ರ ಒತ್ತಿ ಸಿಂಕ್ ಆಫ್ ಮಾಡಿ. ಅದೇ ಖಾತೆ ಬಳಸುವ ಇನ್ನೊಂದು ಕಂಪ್ಯೂಟರ್ ಇದ್ದರೆ ಅಲ್ಲೂ ಸ್ವಚ್ಛ ಮಾಡದೆ ಸಿಂಕ್ ಮತ್ತೆ ಆನ್ ಮಾಡಬೇಡಿ.

ಈಗ ಎಕ್ಸ್‌ಟೆನ್ಶನ್ ಪುಟ ತೆರೆಯಿರಿ. ಎಲ್ಲವನ್ನೂ ಆಫ್ ಮಾಡಿ, ಬ್ರೌಸರ್ ಮುಚ್ಚಿ ತೆರೆದು, ಸ್ವಲ್ಪ ಹೊತ್ತು ಬಳಸಿ. ಪಾಪ್-ಅಪ್ ನಿಂತಿತೇ? ಒಂದೊಂದನ್ನೇ ಆನ್ ಮಾಡುತ್ತಾ ಬನ್ನಿ. ಯಾವುದು ಆನ್ ಆದಾಗ ಕಾಟ ಮರಳಿತೋ ಅದನ್ನು ರಿಮೂವ್ ಮಾಡಿ.

ಪ್ರತಿಯೊಂದರ 'ಡೀಟೇಲ್ಸ್' ಒತ್ತಿ ನೋಡುವುದೂ ಒಳ್ಳೆಯದು. ಪಿಡಿಎಫ್ ಬದಲಿಸುವ, ಹವಾಮಾನ ತೋರಿಸುವ, ಕೂಪನ್ ಹುಡುಕುವ ಸಣ್ಣ ಎಕ್ಸ್‌ಟೆನ್ಶನ್‌ಗೆ 'ಎಲ್ಲ ವೆಬ್‌ಸೈಟ್‌ಗಳಲ್ಲಿನ ನಿಮ್ಮ ಎಲ್ಲ ಮಾಹಿತಿಯನ್ನು ಓದುವ ಮತ್ತು ಬದಲಿಸುವ' ಅನುಮತಿ ಯಾಕೆ ಬೇಕು? ಕಾರಣ ಹೊಳೆಯದಿದ್ದರೆ ತೆಗೆದುಬಿಡಿ. ವರ್ಷಗಟ್ಟಲೆ ಚೆನ್ನಾಗಿದ್ದ ಎಕ್ಸ್‌ಟೆನ್ಶನ್ ಬೇರೆಯವರ ಕೈಗೆ ಮಾರಾಟವಾಗಿ ಕೆಟ್ಟುಹೋಗಿರುವುದೂ ಉಂಟು. ಹಳೇ ಪರಿಚಯ ಅಂತ ರಿಯಾಯಿತಿ ಕೊಡಬೇಡಿ.

ಎಚ್ಚರಿಕೆಯ ಗುರುತು: ರಿಮೂವ್ ಬಟನ್ನೇ ಇಲ್ಲ, ಮೂರು ಚುಕ್ಕಿ ಮೆನುವಿನ ತಳದಲ್ಲಿ 'ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್' ಅಂತ ಬರೆದಿದೆ. ಮನೆಯ ಕಂಪ್ಯೂಟರಿನಲ್ಲಿ ಯಾವ ಸಂಸ್ಥೆ? ಕೆಲವು ಆ್ಯಂಟಿವೈರಸ್ ಅಥವಾ ಆಫೀಸ್ ಖಾತೆಯಿಂದಲೂ ಈ ಸಾಲು ಬರುತ್ತದೆ. ಅವೆರಡೂ ಇಲ್ಲದಿದ್ದರೆ ಕೆಟ್ಟ ಪ್ರೋಗ್ರಾಂ ಒಂದು ವಿಂಡೋಸ್ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ಸ್ ಇಡುವ ಕಡತದಲ್ಲಿ) ಪಾಲಿಸಿ, ಅಂದರೆ ಬ್ರೌಸರ್ ಮೀರಲಾಗದ ನಿಯಮ, ಬರೆದಿಟ್ಟಿದೆ ಅಂತ ಅರ್ಥ. ಅದನ್ನು ಬ್ರೌಸರ್ ಒಳಗಿನಿಂದ ತೆಗೆಯಲು ಆಗದು. ಹಂತ 5 ಮತ್ತು 6 ಮುಗಿಸಿದ ಮೇಲೂ ಉಳಿದರೆ, ರಿಜಿಸ್ಟ್ರಿ ಎಡಿಟರ್‌ನಲ್ಲಿ ಎಚ್‌ಕೀ ಲೋಕಲ್ ಮಷಿನ್, ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಎಂಬ ಫೋಲ್ಡರ್ ಹುಡುಕಿ. ಮೊದಲು ಬಲಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು, ಆಮೇಲೆ ಆ ಕ್ರೋಮ್ ಫೋಲ್ಡರನ್ನಷ್ಟೇ ಡಿಲೀಟ್ ಮಾಡಿ. ಎಚ್‌ಕೀ ಕರೆಂಟ್ ಯೂಸರ್ ಕೆಳಗೂ ಅದೇ ಜಾಗ ನೋಡಿ. ರಿಜಿಸ್ಟ್ರಿ ಅಂದರೆ ಕೈ ನಡುಗುತ್ತದೆ ಅನ್ನುವವರು ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

## ಹಂತ 5: ವಿಂಡೋಸ್ ಒಳಗೆ ಅಡಗಿದ್ದನ್ನು ಹುಡುಕಿ

ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯನ್ನು ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿ. ಕಾಟ ಶುರುವಾದ ದಿನದ ಆಸುಪಾಸು ಏನೇನು ಬಂದಿದೆ? ಒಂದೇ ದಿನ ನಾಲ್ಕೈದು ಪ್ರೋಗ್ರಾಂ ಬಂದಿದ್ದರೆ ಅವೆಲ್ಲ ಯಾವುದೋ ಒಂದು ಪುಕ್ಕಟೆ ಸಾಫ್ಟ್‌ವೇರಿನ ಜೊತೆ ನುಸುಳಿ ಬಂದಿರುವ ಸಾಧ್ಯತೆ ಇದೆ. 'ಡ್ರೈವರ್ ಅಪ್‌ಡೇಟರ್', 'ಪಿಸಿ ಬೂಸ್ಟರ್', 'ವೆಬ್ ಕಂಪ್ಯಾನಿಯನ್' ಥರದ ಹೆಸರುಗಳನ್ನು ಮೊದಲು ತೆಗೆಯಿರಿ. ಹೆಸರು ಗೊತ್ತಿಲ್ಲ ಅಂದ ಮಾತ್ರಕ್ಕೆ ಡಿಲೀಟ್ ಮಾಡಬೇಡಿ. ಇಂಟೆಲ್, ಎಎಂಡಿ, ರಿಯಲ್‌ಟೆಕ್, ಮೈಕ್ರೋಸಾಫ್ಟ್ ವಿಷುಯಲ್ ಸಿ++ ಹೆಸರಿನವು ಸಾಮಾನ್ಯವಾಗಿ ಬೇಕಾದವೇ.

ಅನ್‌ಇನ್‌ಸ್ಟಾಲ್ ಮಾಡುವಾಗ ಬಟನ್‌ಗಳನ್ನು ಓದಿ ಒತ್ತಿ. 'ಉಳಿಸಿಕೊಂಡು ರಿಯಾಯಿತಿ ಪಡೆಯಿರಿ' ಅನ್ನುವುದು ದೊಡ್ಡದಾಗಿ, ಹಸಿರಾಗಿ ಇರುತ್ತದೆ. 'ತೆಗೆ' ಅನ್ನುವುದು ಮೂಲೆಯಲ್ಲಿ ಬೂದು ಬಣ್ಣದಲ್ಲಿ.

ಮುಂದೆ ಬ್ರೌಸರ್ ಶಾರ್ಟ್‌ಕಟ್. ಡೆಸ್ಕ್‌ಟಾಪ್ ಮೇಲಿನ ಐಕಾನ್ ಮೇಲೆ ಬಲಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. 'ಟಾರ್ಗೆಟ್' ಸಾಲು ಬ್ರೌಸರ್ ಫೈಲಿನ ಹೆಸರಿಗೆ ಮುಗಿಯಬೇಕು. ಅದರ ಮುಂದೆ ಯಾವುದೋ ವೆಬ್ ವಿಳಾಸ ಅಂಟಿಕೊಂಡಿದ್ದರೆ ಅಷ್ಟನ್ನು ಅಳಿಸಿ. ಪ್ರೊಫೈಲ್ ಹೆಸರು ಬಂದಿದ್ದರೆ ತೊಂದರೆಯಿಲ್ಲ. ಟಾಸ್ಕ್‌ಬಾರಿನ ಐಕಾನನ್ನು ಅನ್‌ಪಿನ್ ಮಾಡಿ ಮತ್ತೆ ಪಿನ್ ಮಾಡುವುದು ಸುಲಭ.

ನಿಗದಿತ ಹೊತ್ತಿಗೆ ತಾನೇ ತೆರೆದುಕೊಳ್ಳುವ ಪಾಪ್-ಅಪ್ ಇದ್ದರೆ 'ಟಾಸ್ಕ್ ಶೆಡ್ಯೂಲರ್' ತೆರೆದು, ಲೈಬ್ರರಿಯಲ್ಲಿರುವ ಒಂದೊಂದರ 'ಆ್ಯಕ್ಷನ್ಸ್' ನೋಡಿ. ಬ್ರೌಸರ್ ಹೆಸರಿನ ಜೊತೆ ವೆಬ್ ವಿಳಾಸ ಇದ್ದರೆ, ಅಥವಾ ಅರ್ಥವಿಲ್ಲದ ಅಕ್ಷರಗಳ ಹೆಸರಿನ ಫೈಲೊಂದು ಆ್ಯಪ್‌ಡೇಟಾ ಫೋಲ್ಡರ್‌ನಿಂದ ಓಡುತ್ತಿದ್ದರೆ ಡಿಸೇಬಲ್ ಮಾಡಿ. ಡಿಲೀಟ್ ಆಮೇಲೆ. ಡಿಸೇಬಲ್ ಮಾಡಿದ್ದನ್ನು ಬೇಕಾದರೆ ವಾಪಸ್ ತರಬಹುದು.

ಕೊನೆಗೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ (ನಿಮ್ಮ ಇಂಟರ್ನೆಟ್ ಓಡಾಟವನ್ನು ನಡುವೆ ನಿಂತು ಸಾಗಿಸುವ ಸರ್ವರ್) ನೋಡಿ. ಮನೆಯ ಸಂಪರ್ಕದಲ್ಲಿ 'ಯೂಸ್ ಎ ಪ್ರಾಕ್ಸಿ ಸರ್ವರ್' ಸಾಮಾನ್ಯವಾಗಿ ಆಫ್ ಇರಬೇಕು.

## ಹಂತ 6: ಸ್ಕ್ಯಾನ್, ಆಮೇಲೆ ರೀಸೆಟ್

ಕೈಯಲ್ಲಿ ತೆಗೆಯಬಹುದಾದ್ದನ್ನು ತೆಗೆದ ಮೇಲೆ ಸ್ಕ್ಯಾನ್ ಮಾಡಿ. ವಿಂಡೋಸ್ ಸೆಕ್ಯುರಿಟಿ ತೆರೆದು, ಸ್ಕ್ಯಾನ್ ಆಪ್ಶನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಶುರುವಾಗುವ ಮುಂಚೆಯೇ ಪರೀಕ್ಷಿಸುತ್ತದೆ. ಸುಮಾರು 15 ನಿಮಿಷದ ಕೆಲಸ, ಹಳೇ ಡಿಸ್ಕ್ ಆದರೆ ಜಾಸ್ತಿ ಹಿಡಿಯಬಹುದು. ಜಾಹೀರಾತು ತುರುಕುವ ಪ್ರೋಗ್ರಾಂಗಳಿಗೆ ಮಾಲ್‌ವೇರ್‌ಬೈಟ್ಸ್‌ನ ಆ್ಯಡ್‌ಡಬ್ಲ್ಯೂಕ್ಲೀನರ್ ಒಳ್ಳೆಯದು. ಅದು ಉಚಿತ, ಇನ್‌ಸ್ಟಾಲ್ ಮಾಡಬೇಕಾಗಿಯೂ ಇಲ್ಲ. ತಯಾರಕರ ಸೈಟಿನಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಬರುವ ಜಾಹೀರಾತು ಲಿಂಕ್ ಒತ್ತಿದರೆ ನಕಲಿ ಸಿಗಬಹುದು.

ಹಳೇ ಬರಹಗಳಲ್ಲಿ ಕ್ರೋಮ್ ಒಳಗೇ ಇರುವ 'ಕ್ಲೀನ್ ಅಪ್ ಕಂಪ್ಯೂಟರ್' ಬಳಸಿ ಅಂತ ಇರುತ್ತದೆ. ಅದನ್ನು ಹುಡುಕಬೇಡಿ, 2023ರಲ್ಲೇ ಗೂಗಲ್ ತೆಗೆದುಹಾಕಿದೆ.

ಆಮೇಲೆ ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ರೀಸೆಟ್ ಕೊಡಿ. ಕ್ರೋಮ್‌ನಲ್ಲಿ ಬುಕ್‌ಮಾರ್ಕ್, ಹಿಸ್ಟರಿ, ಉಳಿಸಿದ ಪಾಸ್‌ವರ್ಡ್ ಹೋಗುವುದಿಲ್ಲ. ಎಕ್ಸ್‌ಟೆನ್ಶನ್‌ಗಳು ಆಫ್ ಆಗುತ್ತವೆ, ಕುಕೀಸ್ (ಲಾಗಿನ್ ನೆನಪಿಡಲು ಸೈಟುಗಳು ಬ್ರೌಸರಿನಲ್ಲಿ ಇಡುವ ಪುಟ್ಟ ಮಾಹಿತಿ) ಅಳಿಯುತ್ತವೆ. ಫೈರ್‌ಫಾಕ್ಸ್‌ನಲ್ಲಿ ಇದರ ಹೆಸರು 'ರಿಫ್ರೆಶ್'. ಅದು ಎಕ್ಸ್‌ಟೆನ್ಶನ್‌ಗಳನ್ನು ಪೂರ್ತಿ ತೆಗೆಯುತ್ತದೆ.

ಇಷ್ಟಾದರೂ ಪಾಪ್-ಅಪ್ ಬರುತ್ತಿದ್ದರೆ ಇನ್ನು ಒದ್ದಾಡಬೇಡಿ. ಬ್ಯಾಕಪ್ ಇದ್ದೇ ಇದೆ. ಸೆಟ್ಟಿಂಗ್ಸ್‌ನ ರಿಕವರಿ ಭಾಗದಲ್ಲಿ 'ರೀಸೆಟ್ ದಿಸ್ ಪಿಸಿ' ಒತ್ತಿ, 'ಕ್ಲೌಡ್ ಡೌನ್‌ಲೋಡ್' ಆರಿಸಿ. ಸುಮಾರು 4 ಜಿಬಿ ಡೇಟಾ ಖರ್ಚಾಗುತ್ತದೆ, ಹಾಕಿಕೊಂಡ ಪ್ರೋಗ್ರಾಂಗಳೆಲ್ಲ ಹೋಗುತ್ತವೆ. ಒಂದು ಸಂಜೆಯಲ್ಲಿ ಮುಗಿಯುವ ಕೆಲಸವನ್ನು ವಾರಗಟ್ಟಲೆ ಎಳೆಯುವುದು ಯಾಕೆ?

ಸ್ವಚ್ಛ ಆದಮೇಲೆ ಒಂದೇ ಒಂದು ಒಳ್ಳೇ ಆ್ಯಡ್ ಬ್ಲಾಕರ್ ಹಾಕಿ. ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಆರಿಜಿನ್, ಕ್ರೋಮ್‌ಗೆ ಅದರ ಲೈಟ್ ಆವೃತ್ತಿ. ಎರಡು ಬ್ಲಾಕರ್ ಹಾಕಿದರೆ ರಕ್ಷಣೆ ದುಪ್ಪಟ್ಟಾಗುವುದಿಲ್ಲ, ಬ್ರೌಸರ್ ಭಾರ ಆಗುತ್ತದೆ ಅಷ್ಟೇ.

## ಹಂತ 7: ವೇಗದ ಸರದಿ. ಮೊದಲು ಅಳೆಯಿರಿ

ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಸುಮಾರು ಹತ್ತು ನಿಮಿಷ ಸುಮ್ನೆ ಬಿಡಿ. ಆನ್ ಆದ ತಕ್ಷಣ ಅಳೆದರೆ ಎಲ್ಲವೂ ಕೆಂಪಾಗೇ ಕಾಣುತ್ತದೆ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. 'ಪರ್ಫಾರ್ಮೆನ್ಸ್' ಪುಟದಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಮೂರೂ ಕಾಣುತ್ತವೆ. ಎಂದಿನ ಕೆಲಸ ಮಾಡುತ್ತಾ ಯಾವುದು ಏರಿ ನಿಲ್ಲುತ್ತದೆ ಅಂತ ನೋಡಿ.

ಡಿಸ್ಕ್ 100 ಪರ್ಸೆಂಟ್‌ನಲ್ಲೇ ಕೂತಿದೆ, ಆದರೆ ಓದುವ-ಬರೆಯುವ ವೇಗ ಸೆಕೆಂಡಿಗೆ ಒಂದೆರಡು ಎಂಬಿ ಮಾತ್ರ. ಹಳೇ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರುಗಳಲ್ಲಿ ಇದೇ ಚಿತ್ರ ಸಾಮಾನ್ಯ. ಡಿಸ್ಕ್ ಹೆಸರಿನ ಕೆಳಗೆ ಎಚ್‌ಡಿಡಿ ಅಂತಿದೆಯೋ ಎಸ್‌ಎಸ್‌ಡಿ ಅಂತಿದೆಯೋ ನೋಡಿಕೊಳ್ಳಿ. ಎಚ್‌ಡಿಡಿ ಅಂದರೆ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಅಂದರೆ ತಿರುಗುವ ಭಾಗವಿಲ್ಲದೆ ಚಿಪ್‌ನಲ್ಲಿ ಉಳಿಸುವ ಡಿಸ್ಕ್. ಮೆಮೊರಿ ಸದಾ 85-90 ಪರ್ಸೆಂಟ್ ದಾಟಿದ್ದರೆ ರ‍್ಯಾಮ್ ಸಾಲದು. ಸಿಪಿಯು ಏರಿ ನಿಂತಿದ್ದರೆ 'ಪ್ರೊಸೆಸಸ್' ಪುಟದಲ್ಲಿ ಯಾವ ಪ್ರೋಗ್ರಾಂ ತಿನ್ನುತ್ತಿದೆ ನೋಡಿ. ಅಪ್‌ಡೇಟ್ ಅಥವಾ ಆ್ಯಂಟಿವೈರಸ್ ಸ್ಕ್ಯಾನ್ ಆಗಿದ್ದರೆ ಮುಗಿಯುವವರೆಗೆ ಕಾಯಿರಿ.

ಎಚ್ಚರಿಕೆಯ ಗುರುತು: ಡಿಸ್ಕ್‌ನಿಂದ ಟಕ್ ಟಕ್ ಸದ್ದು, ಫೈಲ್ ಕಾಪಿ ಮಾಡುವಾಗ ಅರ್ಧಕ್ಕೆ ನಿಲ್ಲುವುದು, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಂನಲ್ಲಿ ಹಳದಿ 'ಕಾಶನ್' ಅಥವಾ ಕೆಂಪು 'ಬ್ಯಾಡ್'. ಇವುಗಳಲ್ಲಿ ಒಂದು ಕಂಡರೂ ವೇಗದ ಯೋಚನೆ ಬಿಟ್ಟು, ಉಳಿದ ಫೈಲ್‌ಗಳನ್ನು ಮೊದಲು ಹೊರಗೆ ತೆಗೆಯಿರಿ. ಆ ಡಿಸ್ಕ್ ಇನ್ನು ನೆಚ್ಚಿಕೊಳ್ಳುವಂಥದ್ದಲ್ಲ.

## ಹಂತ 8: ಖರ್ಚಿಲ್ಲದ ಕೆಲಸಗಳು

ಟಾಸ್ಕ್ ಮ್ಯಾನೇಜರ್‌ನ 'ಸ್ಟಾರ್ಟಪ್' ಪುಟಕ್ಕೆ ಹೋಗಿ. ಹಾಡು, ಗೇಮ್, ಮೀಟಿಂಗ್, ಚಾಟ್ ಆ್ಯಪ್‌ಗಳು, ಅಪ್‌ಡೇಟರ್‌ಗಳು, ಇವನ್ನೆಲ್ಲ ಡಿಸೇಬಲ್ ಮಾಡಿ. ಆ್ಯಪ್ ಹೋಗುವುದಿಲ್ಲ, ನೀವು ತೆರೆದಾಗ ಮಾತ್ರ ಶುರುವಾಗುತ್ತದೆ. ಟಚ್‌ಪ್ಯಾಡ್, ಆಡಿಯೋ, ಆ್ಯಂಟಿವೈರಸ್ ಮುಟ್ಟಬೇಡಿ. ಎರಡು ಆ್ಯಂಟಿವೈರಸ್ ಇದ್ದರೆ ಒಂದನ್ನು ಪೂರ್ತಿ ತೆಗೆಯಿರಿ. ಮನೆ ಬಳಕೆಗೆ ವಿಂಡೋಸ್‌ನಲ್ಲೇ ಇರುವ ಡಿಫೆಂಡರ್ ಸಾಕು.

ದಿನಾ ಶಟ್‌ಡೌನ್ ಮಾಡುತ್ತೇನೆ, ಆದರೂ ಸ್ಲೋ ಅನ್ನುವವರು ಸಿಪಿಯು ಪುಟದಲ್ಲಿ 'ಅಪ್ ಟೈಮ್' ನೋಡಿ. ಹಲವು ದಿನಗಳ ಲೆಕ್ಕ ಕಂಡರೆ ಅದು 'ಫಾಸ್ಟ್ ಸ್ಟಾರ್ಟಪ್' ಮಹಿಮೆ. ಶಟ್‌ಡೌನ್ ಕೊಟ್ಟಾಗ ವಿಂಡೋಸ್ ತನ್ನ ಒಳಭಾಗವನ್ನು ಡಿಸ್ಕ್‌ಗೆ ಉಳಿಸಿಟ್ಟು ಮಲಗುತ್ತದೆ, ಪೂರ್ತಿ ಹೊಸದಾಗಿ ಶುರುವಾಗುವುದಿಲ್ಲ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಹೊಸದಾಗಿ ಶುರು. ವಾರಕ್ಕೊಮ್ಮೆಯಾದರೂ ರೀಸ್ಟಾರ್ಟ್ ಮಾಡಿ.

ಸಿ ಡ್ರೈವ್ ತುಂಬಿದ್ದರೆ ಸೆಟ್ಟಿಂಗ್ಸ್‌ನ ಸ್ಟೋರೇಜ್ ಭಾಗದಲ್ಲಿ 'ಟೆಂಪರರಿ ಫೈಲ್ಸ್' ತೆರೆಯಿರಿ. ಇಲ್ಲಿ ಎಡವುವ ಜಾಗ ಎರಡಿವೆ, ಜೋಪಾನ. ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಕೂಡ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ ನಿಮ್ಮ ಡೌನ್‌ಲೋಡ್ಸ್ ಫೋಲ್ಡರ್ ಪೂರ್ತಿ ಖಾಲಿ. 'ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಶನ್' ಅಳಿಸಿದರೆ ಹಳೇ ಆವೃತ್ತಿಗೆ ಮರಳುವ ದಾರಿ ಮುಚ್ಚುತ್ತದೆ. ಉಳಿದವನ್ನು ಅಳಿಸಿ, ಡ್ರೈವಿನ 15-20 ಪರ್ಸೆಂಟ್ ಖಾಲಿ ಇರುವಂತೆ ನೋಡಿಕೊಳ್ಳಿ.

ಬ್ರೌಸರ್‌ನಲ್ಲಿ ಕ್ರೋಮ್‌ನ 'ಮೆಮೊರಿ ಸೇವರ್', ಎಡ್ಜ್‌ನ 'ಸ್ಲೀಪಿಂಗ್ ಟ್ಯಾಬ್ಸ್' ಆನ್ ಮಾಡಿ. 4 ಜಿಬಿ ರ‍್ಯಾಮ್ ಇರುವವರಿಗೆ ಇವುಗಳಿಂದ ಆಗುವ ಸಹಾಯ ಕಣ್ಣಿಗೆ ಕಾಣುತ್ತದೆ.

ಮಾಡಬೇಡಿ ಅನ್ನುವುದೂ ಇದೆ. ರಿಜಿಸ್ಟ್ರಿ ಕ್ಲೀನರ್‌ಗಳಿಂದ ವೇಗ ಬರುವುದಿಲ್ಲ, ವಿಂಡೋಸ್ ಕೆಡುವ ಅಪಾಯ ಮಾತ್ರ ನಿಜ. ಮೈಕ್ರೋಸಾಫ್ಟ್ ಕೂಡ ಅವುಗಳ ಬಳಕೆಯನ್ನು ಬೆಂಬಲಿಸುವುದಿಲ್ಲ. 'ರ‍್ಯಾಮ್ ಬೂಸ್ಟರ್'ಗಳೂ ಬೇಡ. ಎಸ್‌ಎಸ್‌ಡಿ ಇದ್ದರೆ ಬೇರೆ ಡಿಫ್ರಾಗ್ (ಡಿಸ್ಕ್ ಮೇಲೆ ಚದುರಿದ ಫೈಲ್ ತುಣುಕು ಜೋಡಿಸುವ) ಪ್ರೋಗ್ರಾಂ ಹಾಕಬೇಡಿ. ಅದಕ್ಕೆ ಬೇಕಾದ್ದನ್ನು ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ.

## ಹಂತ 9: ಧೂಳು ಮತ್ತು ಬಿಸಿ

ಆನ್ ಮಾಡಿದಾಗ ಚೆನ್ನಾಗಿದ್ದು, ಅರ್ಧ ಗಂಟೆ ಕಳೆದ ಮೇಲೆ ಸ್ಲೋ ಆಗುತ್ತದೆ. ಫ್ಯಾನ್ ಜೋರಾಗಿ ಕೂಗುತ್ತದೆ. ಇದು ಬಿಸಿಯ ಲಕ್ಷಣ. ಬಿಸಿ ಮಿತಿ ಮೀರಿದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. ಕಂಪ್ಯೂಟರ್ ಆಫ್ ಮಾಡಿ, ಚಾರ್ಜರ್ ತೆಗೆದು, ಗಾಳಿಕಿಂಡಿಗಳಿಂದ ಧೂಳು ಊದಿ ತೆಗೆಯಿರಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಒಂದು ಕಡ್ಡಿಯಿಂದ ಹಿಡಿದಿಡಿ. ಗಾಳಿಗೆ ಅದು ಮಿತಿ ಮೀರಿ ತಿರುಗಿದರೆ ಕೆಡಬಹುದು. ಲ್ಯಾಪ್‌ಟಾಪನ್ನು ಹಾಸಿಗೆ ಮೇಲಿಟ್ಟು ಬಳಸುವುದನ್ನೂ ಬಿಡಿ.

## ಹಂತ 10: ಎಸ್‌ಎಸ್‌ಡಿ ಮತ್ತು ರ‍್ಯಾಮ್

ಹಂತ 7ರಲ್ಲಿ ಎಚ್‌ಡಿಡಿ ಕಂಡಿದ್ದರೆ ಈ ಒಂದು ಬದಲಾವಣೆ ಉಳಿದೆಲ್ಲಕ್ಕಿಂತ ದೊಡ್ಡದು. ದೊಡ್ಡ ಫೈಲ್ ಓದುವಾಗ ಹಳೇ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಕೊಟ್ಟರೆ, ಅದೇ ಕನೆಕ್ಟರಿಗೆ ಸೇರುವ ಸಾಮಾನ್ಯ ಸಾಟಾ ಎಸ್‌ಎಸ್‌ಡಿ 500ರ ಆಸುಪಾಸು ಕೊಡುತ್ತದೆ. ನಿಜವಾದ ವ್ಯತ್ಯಾಸ ಸಣ್ಣ ಫೈಲ್‌ಗಳಲ್ಲಿದೆ. ಹಾರ್ಡ್ ಡಿಸ್ಕ್‌ನ ಮುಳ್ಳು ಓಡಾಡಿ ಸೆಕೆಂಡಿಗೆ ನೂರರ ಆಸುಪಾಸು ಸಲ ಓದಿದರೆ, ಎಸ್‌ಎಸ್‌ಡಿ ಸಾವಿರಾರು ಸಲ ಓದುತ್ತದೆ. ವಿಂಡೋಸ್ ಶುರುವಾಗುವುದು ಇಂಥ ಸಣ್ಣ ಓದುಗಳಿಂದಲೇ.

ಕೊಳ್ಳುವ ಮುಂಚೆ ನಿಮ್ಮ ಮಾಡೆಲ್‌ಗೆ ಯಾವುದು ಹೊಂದುತ್ತದೆ ಅಂತ ನೋಡಿ: 2.5 ಇಂಚಿನ ಸಾಟಾನೋ, ಎಂ.2 (ಬೋರ್ಡಿಗೇ ನೇರ ಕೂರುವ ಪಟ್ಟಿಯಂಥ ಡಿಸ್ಕ್) ಜಾಗವೂ ಇದೆಯೋ. ಬೇಕಾದ ಸಾಮಾನು ಅಂದರೆ ಚಿಕ್ಕ ಸ್ಕ್ರೂಡ್ರೈವರ್, 8 ಜಿಬಿ ಪೆನ್‌ಡ್ರೈವ್ ಮತ್ತು ಇನ್ನೊಂದು ಕಂಪ್ಯೂಟರಿನಲ್ಲಿ ತಯಾರಿಸಿದ ವಿಂಡೋಸ್ ಇನ್‌ಸ್ಟಾಲರ್. ಹಳೇ ಡಿಸ್ಕನ್ನು ಹಾಗೇ ಕ್ಲೋನ್ (ಪೂರ್ತಿ ನಕಲು) ಮಾಡಬಹುದು. ಆದರೆ ಪಾಪ್-ಅಪ್ ಕಾಟ ಇದ್ದ ಕಂಪ್ಯೂಟರಿಗೆ ನಾನು ಹೊಸ ಇನ್‌ಸ್ಟಾಲೇಶನ್ನನ್ನೇ ಹೇಳುತ್ತೇನೆ. ಕ್ಲೋನ್ ಮಾಡುವಾಗ ಯಾವುದು ಮೂಲ, ಯಾವುದು ಖಾಲಿ ಡಿಸ್ಕ್ ಅನ್ನುವುದು ತಿರುಗಾಮುರುಗಾ ಆದರೆ ಎಲ್ಲವೂ ಹೋಯಿತು. ಲೈಸೆನ್ಸ್ ಬಗ್ಗೆ ಚಿಂತೆ ಬೇಡ. ಈಗಾಗಲೇ ಆ್ಯಕ್ಟಿವೇಟ್ ಆಗಿರುವ ವಿಂಡೋಸ್ 10 ಅಥವಾ 11ರ ಡಿಜಿಟಲ್ ಲೈಸೆನ್ಸ್, ಡಿಸ್ಕ್ ಬದಲಾದ ಮಾತ್ರಕ್ಕೆ ಹೋಗುವುದಿಲ್ಲ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ (ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿದ್ದರೆ) ವಿಂಡೋಸಿನ ಆ ಬೀಗದ, ಅಂದರೆ ಬಿಟ್‌ಲಾಕರ್‌ನ, ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಹಳೇ ಡಿಸ್ಕ್‌ನ ಫೈಲ್ ತೆರೆಯಲಾಗದು.

ರ‍್ಯಾಮ್ ಹಾಕುವವರು ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ 'ಸ್ಲಾಟ್ಸ್ ಯೂಸ್ಡ್' ನೋಡಿ. ಎರಡರಲ್ಲಿ ಒಂದು ಅಂತಿದ್ದರೆ ಜಾಗ ಇದೆ. ಡಿಡಿಆರ್3 ಜಾಗಕ್ಕೆ ಅದರ ಮುಂದಿನ ಪೀಳಿಗೆಯ ಡಿಡಿಆರ್4 ಕೂರುವುದಿಲ್ಲ, ಕಚ್ಚು ಬೇರೆ ಕಡೆ ಇರುತ್ತದೆ. ಬಲವಂತ ಮಾಡಬೇಡಿ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಅಲ್ಲಿ ಏನೂ ಮಾಡುವಂತಿಲ್ಲ. ವಿಂಡೋಸ್ 32 ಬಿಟ್ ಆಗಿದ್ದರೆ 4 ಜಿಬಿಗಿಂತ ಹೆಚ್ಚು ಹಾಕಿ ಪ್ರಯೋಜನವಿಲ್ಲ, ಮೊದಲು 64 ಬಿಟ್ ಹಾಕಬೇಕು.

## ಹಂತ 11: ವಿಂಡೋಸ್‌ನ ಆಯಸ್ಸು ಮುಗಿದಿದ್ದರೆ

ವಿಂಡೋಸ್ 10ಕ್ಕೆ ಸಾಮಾನ್ಯ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಮನೆ ಬಳಕೆದಾರರು ಇಎಸ್‌ಯು (ವಿಸ್ತರಿತ ಭದ್ರತಾ ಅಪ್‌ಡೇಟ್) ಯೋಜನೆಗೆ ಸೇರಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುವಂತೆ ಮೈಕ್ರೋಸಾಫ್ಟ್ ಏರ್ಪಾಡು ಮಾಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತಾ ಚಿಪ್), 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಮತ್ತು ಮೈಕ್ರೋಸಾಫ್ಟ್ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ನಿಮ್ಮದು ಹೊಂದುತ್ತದೋ ಇಲ್ಲವೋ ಅಂತ ಮೈಕ್ರೋಸಾಫ್ಟ್‌ನ 'ಪಿಸಿ ಹೆಲ್ತ್ ಚೆಕ್' ಆ್ಯಪ್ ಹೇಳುತ್ತದೆ. ವಿಂಡೋಸ್ 7ರಲ್ಲೇ ಇರುವವರಿಗೆ 2023ರ ಕ್ರೋಮ್ 109ರ ನಂತರ ಹೊಸ ಕ್ರೋಮ್ ಇಲ್ಲ. ಅಂಥ ಕಂಪ್ಯೂಟರಿನಲ್ಲಿ ಬ್ಯಾಂಕ್ ಕೆಲಸ ಬೇಡವೇ ಬೇಡ.

ಹೊಂದದ ಕಂಪ್ಯೂಟರಿಗೆ, ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಒಳ್ಳೇ ಆಯ್ಕೆ. 2 ಜಿಬಿ ರ‍್ಯಾಮ್‌ನಲ್ಲೂ ಓಡುತ್ತದೆ, 4 ಇದ್ದರೆ ಆರಾಮ. ಬ್ರೌಸರ್ ಬಿಟ್ಟು ಬೇರೇನೂ ಬೇಡ ಅನ್ನುವವರಿಗೆ ಕ್ರೋಮ್‌ಓಎಸ್ ಫ್ಲೆಕ್ಸ್ ಇದೆ, ಆದರೆ ಅದರಲ್ಲಿ ಆಂಡ್ರಾಯ್ಡ್ ಆ್ಯಪ್ ಓಡುವುದಿಲ್ಲ. ಎರಡನ್ನೂ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಹಾಗೆ ನೋಡುವಾಗ ವೈಫೈ ಸಿಗುತ್ತದೆಯೇ, ಸೌಂಡ್ ಬರುತ್ತದೆಯೇ, ಕ್ಯಾಮೆರಾ ತೆರೆದುಕೊಳ್ಳುತ್ತದೆಯೇ ಅಂತ ಪರೀಕ್ಷಿಸಿ. ಮಿಂಟ್ ಆದರೆ ಪ್ರಿಂಟರಿನಿಂದ ಒಂದು ಪುಟ ಪ್ರಿಂಟ್ ತೆಗೆದೂ ನೋಡಿ. ಯಾವುದಾದರೂ ವಿಂಡೋಸ್ ಪ್ರೋಗ್ರಾಂ ನಿಮ್ಮ ಕೆಲಸಕ್ಕೆ ಬೇಕೇ ಬೇಕು ಅಂತಾದರೆ ಅದಕ್ಕೆ ಬದಲಿ ಸಿಗುವವರೆಗೆ ಡಿಸ್ಕ್ ಅಳಿಸುವ ಆಯ್ಕೆ ಒತ್ತಬೇಡಿ.